ಪದ ಪರಿಚಯ: ಸ್ಕೀಮಾ

ಆಕಾರ, ರೂಪ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು ‘ಸ್ಕೀಮಾ’. ನಮ್ಮ ಮಾತಿನ ಸರ್ಕಾರಿ ‘ಸ್ಕೀಮು’ ಕೂಡ ಅದೇ ಬೇರಿನದು. ಡೇಟಾಬೇಸಿನಲ್ಲಿ ಟೇಬಲ್, ವ್ಯೂ ಮೊದಲಾದವನ್ನು ಒಂದು ಹೆಸರಿನಡಿ ಸೇರಿಸಿಡುವ ಗುಂಪಿಗೆ ಹೀಗೆನ್ನುತ್ತಾರೆ. ಆದರೆ ಬಳಕೆ ಎಲ್ಲೆಡೆ ಒಂದೇ ಅಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಸ್ಕೀಮಾ ಎಂದರೆ ಡೇಟಾಬೇಸೇ. ಒರಾಕಲ್‌ನಲ್ಲಿ ಬಳಕೆದಾರರ ಹೆಸರೇ ಸ್ಕೀಮಾದ ಹೆಸರು. ಟೇಬಲ್ ಯಾರದೆಂದು ಹೆಸರಲ್ಲೇ ತಿಳಿಯುವುದರಿಂದ ಇದೇ ಸಲೀಸು ಎನ್ನಬಹುದು. ನಿಜ; ಆದರೆ ಅಲ್ಲಿ ‘ಡ್ರಾಪ್ ಯೂಸರ್’ ಆದೇಶಕ್ಕೆ ‘ಕ್ಯಾಸ್ಕೇಡ್’ ಸೇರಿಸಿದರೆ ಖಾತೆಯ ಜೊತೆಗೆ ಅದರ ಟೇಬಲ್‌ಗಳೂ ಅಳಿಯುತ್ತವೆ. ಎಸ್‌ಕ್ಯೂಎಲ್ ಸರ್ವರ್ ತನ್ನ 2005ರ ಆವೃತ್ತಿಯಲ್ಲಿ ಬಳಕೆದಾರರನ್ನೂ ಸ್ಕೀಮಾವನ್ನೂ ಬೇರ್ಪಡಿಸಿತು. ಪೋಸ್ಟ್‌ಗ್ರೆಸ್‌ನಲ್ಲಿ ‘ಆಲ್ಟರ್ ಸ್ಕೀಮಾ’ ಆದೇಶದಿಂದ ಒಡೆತನವನ್ನು ವರ್ಗಾಯಿಸಬಹುದು. ನೌಕರರು ಬದಲಾಗುತ್ತಾರೆ, ದತ್ತಾಂಶ ಉಳಿಯಬೇಕು. ಹಾಗಾಗಿ ಸ್ಕೀಮಾಕ್ಕೆ ವ್ಯಕ್ತಿಯ ಹೆಸರಿಗಿಂತ ಕೆಲಸದ ಹೆಸರಿಡುವುದೇ ಸರಿ.