ಮೋಟಾರಿಗೆ ಜಾಮೀನು ಯಾರು?

ಠಾಣೆಯಲ್ಲಾಗಲಿ, ವಾಶಿಯಲ್ಲಾಗಲಿ, ಇಂದು ಹೊಸ ಕಾರು ಕೊಳ್ಳಲು ಹೋದವರ ಅನುಭವ ಒಂದೇ ಬಗೆಯದು. ಬಣ್ಣ ಗೊತ್ತಾಗಿ, ಸಾಲ ಮಂಜೂರಾಗಿ, ತೆಂಗಿನಕಾಯಿ ಒಡೆಯುವ ಮುಹೂರ್ತವೂ ನಿಶ್ಚಯವಾದ ಮೇಲೆ ಮಾರುವವರು ಇನ್ನೊಂದು ಕಾಗದವನ್ನು ಮುಂದಿಡುತ್ತಾರೆ. ಕಂಪನಿ ತಾನಾಗಿ ಕೊಡುವ ವಾರಂಟಿ ತೀರಿದ ಮೇಲೆ ಅದನ್ನು ಮತ್ತೆರಡು ಮೂರು ವರ್ಷ ಮುಂದುವರಿಸುವ ಕಾಗದ ಅದು. ಅದಕ್ಕೆ ಬೇರೆ ಹಣ. ಕೊಳ್ಳಬೇಕೇ, ಬಿಡಬೇಕೇ? ಸಂಘದ ಮಿತ್ರರು ನಮ್ಮನ್ನು ಆಗಾಗ ಕೇಳುವ ಪ್ರಶ್ನೆ ಇದು. ಉತ್ತರವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಕುರ್ಲಾದಿಂದ ಕಲ್ಯಾಣದವರೆಗಿನ ನಮ್ಮ ಉಪನಗರಗಳ ಇತಿಹಾಸದಲ್ಲೇ ಅದು ಅಡಗಿದೆ.

ವಾಲ್‌ಚಂದ್ ಹೀರಾಚಂದರು ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು ಸ್ಥಾಪಿಸಿದ್ದು 1944ರಲ್ಲಿ. ಅದರ ಕುರ್ಲಾ ಕಾರಖಾನೆಯಿಂದ ಮುಂದೆ ಫಿಯೆಟ್ ಕಾರುಗಳು ಹೊರಬಂದವು. 1964ರಲ್ಲಿ ಬಂದ '1100 ಡಿಲೈಟ್' ಗಾಡಿಯೇ ಎಪ್ಪತ್ತರ ದಶಕದಲ್ಲಿ ಹೆಸರು ಬದಲಿಸಿ 'ಪ್ರೀಮಿಯರ್ ಪದ್ಮಿನಿ'ಯಾಯಿತು. ಲೈಸೆನ್ಸುಗಳ ಆ ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾದು ಕುಳಿತವನಿಗೆ ಗಾಡಿ ಕೈಗೆ ಬಂದದ್ದೇ ಒಂದು ಹಬ್ಬ. ವಾರಂಟಿಯ ಮಾತನ್ನು ಆಗ ಯಾರು ಆಡುತ್ತಿದ್ದರು? ನಿಜವಾದ ಜಾಮೀನು ಬೀದಿಯ ಮೂಲೆಯ ಮೆಕ್ಯಾನಿಕನೇ ಆಗಿದ್ದ. ಗಾಡಿಯ ಮೂಲ ರಚನೆ ದಶಕಗಳ ಕಾಲ ಹೆಚ್ಚು ಬದಲಾಗದ್ದರಿಂದ ಅವನಿಗೆ ಅದರ ನರನಾಡಿಗಳೆಲ್ಲ ಕಂಠಪಾಠ. ಬೇಕಾದ ಭಾಗ ಕುರ್ಲಾದ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಕ್ಕೇ ಸಿಗುತ್ತಿತ್ತು.

ಇದೇ ಕಂಪನಿಗೆ ಡೊಂಬಿವಲಿಯ ಮಗ್ಗುಲಲ್ಲಿ ಇನ್ನೊಂದು ಕಾರಖಾನೆ ಇತ್ತು. ಕಲ್ಯಾಣದ ಕಾರಖಾನೆಯೆಂದೇ ಅದಕ್ಕೆ ಹೆಸರು. 1991ರ ಆರ್ಥಿಕ ಬದಲಾವಣೆಯ ತರುವಾಯ ಫ್ರಾನ್ಸಿನ ಪ್ಯೂಜೊ ಕಂಪನಿ ಪ್ರೀಮಿಯರಿನ ಜೊತೆಗೂಡಿ ಅಲ್ಲಿ '309' ಎಂಬ ಕಾರನ್ನು ತಯಾರಿಸತೊಡಗಿತು. ಪದ್ಮಿನಿಯ ಮುಂದೆ ಅದು ಅರಮನೆಯಂತಿತ್ತು. ಡೀಸೆಲ್ ಎಂಜಿನ್ನಿನ ಮಿತವ್ಯಯವಂತೂ ಜನರಿಗೆ ಬಹಳ ಹಿಡಿಸಿತು. ಆದರೆ ಕಾರ್ಮಿಕ ವಿವಾದಗಳ ನಡುವೆ ಪಾಲುದಾರಿಕೆ ಹಳಸಿತು. 1997ರ ಸುಮಾರಿಗೆ ಪ್ಯೂಜೊ ಹೊರಟುಹೋಯಿತು. ಗಾಡಿ ಕೊಂಡವರು ಮಾತ್ರ ಇಲ್ಲೇ ಉಳಿದರು. ಒಂದು ಸಣ್ಣ ಭಾಗಕ್ಕಾಗಿ ಅವರು ಊರೂರು ವಿಚಾರಿಸಬೇಕಾಯಿತು.

ವಾಚಕರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಅಂದು ಯಾರಾದರೂ ಆ ಕಾರಿಗೆ ಐದು ವರ್ಷದ ವಾರಂಟಿ ಕೊಂಡಿದ್ದರೆ ಏನಾಗುತ್ತಿತ್ತು? ಭಾಗವೇ ಇಲ್ಲದಲ್ಲಿ ಕಾಗದ ಏನು ಮಾಡೀತು? ಅತ್ತ ಯಾವ ಕಾಗದದ ಬಲವೂ ಇಲ್ಲದ ಪದ್ಮಿನಿ, 2000ದ ಸುಮಾರಿಗೆ ತಯಾರಿಕೆ ನಿಂತ ಮೇಲೂ, ಮುಂಬಯಿಯ ಟ್ಯಾಕ್ಸಿಯಾಗಿ ಓಡುತ್ತಲೇ ಇತ್ತು. ಟ್ಯಾಕ್ಸಿಗಳಿಗೆ ವಿಧಿಸಿದ 20 ವರ್ಷದ ಮಿತಿ ತೀರಿ 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ವಿದಾಯ ಹೇಳಿತು. ಗಾಡಿಯನ್ನು ಕಾಯುವುದು ಕಾಗದವಲ್ಲ, ಅದರ ಹಿಂದೆ ನಿಂತ ಜನ.

ಹಾಗಾದರೆ ಇಂದೂ ಬೀದಿಯ ಮೆಕ್ಯಾನಿಕನನ್ನೇ ನಂಬಿದರಾಯಿತೇ? ಅದು ಸಾಧ್ಯವಿಲ್ಲ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ಹೊಗೆನಿಯಮ ಜಾರಿಗೆ ಬಂದಿದೆ. ಕಾರ್ಬುರೇಟರನ್ನು ಬಿಚ್ಚಿ ತೊಳೆದು ಸರಿಪಡಿಸುವ ಕಾಲ ಅದಕ್ಕೂ ಮೊದಲೇ ಮುಗಿದಿತ್ತು. ಇಂದಿನ ಗಾಡಿಯ ಎಂಜಿನ್ನನ್ನು ನಡೆಸುವುದು ಒಂದು ಗಣಕಪೆಟ್ಟಿಗೆ ಮತ್ತು ಹತ್ತಾರು ಸೆನ್ಸರುಗಳು. ಸ್ವಯಂಚಾಲಿತ ಗೇರು ಕೆಟ್ಟರಂತೂ ಸಾಮಾನ್ಯ ಸಂಬಳದ ಮನೆಯ ಲೆಕ್ಕವೇ ಅಡಿಮೇಲಾಗುತ್ತದೆ. ವಾರಂಟಿಯ ಕಾಗದಕ್ಕೆ ಬೆಲೆ ಬಂದದ್ದು ಈ ಕಾರಣದಿಂದ.

ಆದರೆ ನಮ್ಮ ಕಡೆ ಗಾಡಿಗೆ ಬರುವ ಕಷ್ಟಗಳೆಲ್ಲ ಅದರಲ್ಲಿ ಸೇರಿಲ್ಲ. ಘೋಡ್‌ಬಂದರ್ ರಸ್ತೆಯಲ್ಲೋ ಶೀಳ್ ಫಾಟಾದಲ್ಲೋ ತಾಸುಗಟ್ಟಲೆ ತೆವಳಿ ಕ್ಲಚ್ ಸವೆದರೆ ವಾರಂಟಿ ಕೈಯೆತ್ತುತ್ತದೆ. ಬ್ರೇಕಿನ ಪ್ಯಾಡು, ಟಯರುಗಳಂತೆ ಅದೂ 'ಸವೆತ'ದ ಲೆಕ್ಕ. ಮಳೆಯ ಮಾತೂ ಹೀಗೆಯೇ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಕಲ್ಯಾಣದ ಕಡೆಯೂ ನೀರು ನುಗ್ಗಿದ್ದನ್ನು ನಾವು ಮರೆತಿಲ್ಲ. ನೀರಲ್ಲಿ ನಿಂತ ಗಾಡಿಯನ್ನು ಚಾಲೂ ಮಾಡಿ ಎಂಜಿನ್ ಒಡೆದರೆ ಅದಕ್ಕೆ ವಾರಂಟಿ ಇಲ್ಲ. ವಿಮೆಯಲ್ಲಿ ಎಂಜಿನ್ ರಕ್ಷಣೆಯನ್ನು ಪ್ರತ್ಯೇಕವಾಗಿ ಸೇರಿಸಿಕೊಂಡಿರಬೇಕು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ಬಳಗದ ಹಿರಿಯರೊಬ್ಬರು ನಿವೃತ್ತಿಯ ಹಣದಲ್ಲಿ ಕಾರು ಕೊಂಡಾಗ, "ಕಾಗದಕ್ಕೆ ಸಹಿ ಹಾಕಿಬಿಡಿ" ಎಂದವರು ನಾವೇ. ಒಂದು ಬೇಸಿಗೆ ಅವರು ಉಡುಪಿ ಕಡೆಯ ಊರಿಗೆ ಹೋಗಿ ಎರಡು ತಿಂಗಳು ಉಳಿದರು. ನಿಗದಿಯಾದ ಸರ್ವಿಸಿನ ದಿನ ಕಳೆದುಹೋಯಿತು. ಮರುವರ್ಷ ಗೇರು ಕೆಟ್ಟಾಗ ಅದನ್ನೇ ನೆಪಮಾಡಿ ಹಣ ನಿರಾಕರಿಸಿದರು. ಅದೇ ಸರ್ವಿಸನ್ನು ಊರಿನ ಅಧಿಕೃತ ವರ್ಕ್‌ಶಾಪಿನಲ್ಲೂ ಮಾಡಿಸಬಹುದಿತ್ತು. ಕಾಗದವನ್ನು ಅವರು ಓದಿರಲಿಲ್ಲ, ನಾವೂ ಓದಿರಲಿಲ್ಲ. ಅವರು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಮನಸ್ಸು ಹಗುರಾಗುತ್ತಿತ್ತು.

ಕಾನೂನು ಏನೆನ್ನುತ್ತದೆ? 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ ವಾರಂಟಿ ಎಂಬುದು ಒಪ್ಪಂದದ ಮುಖ್ಯ ಉದ್ದೇಶಕ್ಕೆ ಪೂರಕವಾದ ಮಾತು. ಅದು ತಪ್ಪಿದರೆ ನಷ್ಟ ಪರಿಹಾರ ಕೇಳಬಹುದು, ಅಷ್ಟರಿಂದಲೇ ಸರಕನ್ನು ಹಿಂದಿರುಗಿಸುವ ಹಕ್ಕಿಲ್ಲ. 1986ರ ಗ್ರಾಹಕ ರಕ್ಷಣಾ ಕಾಯಿದೆ ಸಾಮಾನ್ಯನಿಗೆ ಬೇರೊಂದು ಬಾಗಿಲು ತೆರೆಯಿತು. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯಂತೆ ತಾನು ವಾಸಿಸುವ ಸ್ಥಳದಲ್ಲೇ ದೂರು ಕೊಡಬಹುದು. ಅಂದರೆ ಡೊಂಬಿವಲಿಯವನು ಕಂಪನಿಯ ದೂರದ ಊರಿಗೆ ಅಲೆಯಬೇಕಾಗಿಲ್ಲ, ಠಾಣೆ ಜಿಲ್ಲೆಯಲ್ಲೇ ನ್ಯಾಯ ಕೇಳಬಹುದು. ಆದರೆ ಅಲ್ಲಿಯೂ ಮೊದಲು ನೋಡುವುದು ಕಾಗದವನ್ನೇ.

ಆದ್ದರಿಂದ ಕೇಳಿದವರಿಗೆ ಈಗ ನಾವು ಹೇಳುವುದಿಷ್ಟು. ಕಾಗದದ ಕೆಳಗಿನ ಸಹಿ ತಯಾರಕರದೋ, ಮಾರುವವರದೋ, ಮೂರನೆಯವರದೋ ನೋಡಿ. ತಯಾರಕರದಾಗಿದ್ದು, ಅವರು ನಾಡಿನಲ್ಲಿ ನೆಲೆಯೂರಿದವರಾಗಿದ್ದು, ಗಾಡಿಯನ್ನು ಐದಾರು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ ಕೊಳ್ಳಿ. ಸ್ವಯಂಚಾಲಿತ ಗೇರಿನ ಗಾಡಿಗಂತೂ ಅದು ಲೇಸು. ಅಂದೇ ನಿರ್ಧರಿಸುವ ಅವಸರವೂ ಸಾಮಾನ್ಯವಾಗಿ ಇಲ್ಲ. ಮೂಲ ವಾರಂಟಿ ತೀರುವ ಮೊದಲು ಕೊಳ್ಳಲು ಬಹುತೇಕ ಅವಕಾಶವಿರುತ್ತದೆ, ಬೆಲೆ ತುಸು ಏರಬಹುದು ಅಷ್ಟೆ. ಕಾಗದವನ್ನು ಮನೆಗೆ ತಂದು, ಕನ್ನಡಕ ಹಾಕಿಕೊಂಡು, ಏನೇನು ಸೇರಿಲ್ಲವೆಂಬ ಪಟ್ಟಿಯನ್ನು ಮೊದಲು ಓದಿ. ಗಾಡಿ ಸರಳವಾದದ್ದು, ಓಡಾಟ ಕಡಿಮೆ ಎಂದಾದರೆ ಅದೇ ಹಣವನ್ನು ಬ್ಯಾಂಕಿನಲ್ಲಿ ಬೇರೆಯಾಗಿಡಿ. ಕ್ಲಚ್ಚಿಗೂ ಆದೀತು, ಟಯರಿಗೂ ಆದೀತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದರು ಹಿರಿಯರು. ಕೊಟ್ಟ ಮಾತನ್ನು ನಡೆಸಲು ಕೊಟ್ಟವನು ಇರಬೇಕು. ನಡೆಸಿಕೊಳ್ಳಲು ಕೊಂಡವನೂ ಎಚ್ಚರವಾಗಿರಬೇಕು.