ಸೇಸಮ್ಮನ ಬಾಗಿಲು ಮುಚ್ಚಿದ ಕಥೆ



ಕಳೆದ ಸಂಕ್ರಾಂತಿ ಕಾರ್ಯಕ್ರಮದಲ್ಲಿ ಎಳ್ಳುಬೆಲ್ಲದ ಪೊಟ್ಟಣ ಬಿಚ್ಚುತ್ತಿದ್ದಾಗ ಪಕ್ಕದಲ್ಲಿದ್ದ ಹುಡುಗನೊಬ್ಬ, "ಅಂಕಲ್, ಈ ಎಳ್ಳು ಎಲ್ಲಿಂದ ಬರುತ್ತೆ?" ಎಂದು ಕೇಳಿದ. "ಇಂಡಿಯನ್ ಸ್ಟೋರಿನಿಂದ" ಎಂದು ಹೇಳಿ ತಪ್ಪಿಸಿಕೊಂಡೆ. ಆ ಉತ್ತರ ಸಾಲದೆಂದು ನನಗೇ ಅನ್ನಿಸಿತು. ನಾನು ವೈದ್ಯ, ಸಸ್ಯಶಾಸ್ತ್ರಜ್ಞನಲ್ಲ. ಆದರೂ ಆಮೇಲೆ ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಎಳ್ಳಿನ ಕಾಡುಬಂಧುಗಳು ಹೆಚ್ಚಾಗಿ ಇರುವುದು ಆಫ್ರಿಕದಲ್ಲಿ. ಹಾಗಾಗಿ ಎಳ್ಳಿನ ತವರೂ ಅದೇ ಎಂದು ಬಹುಕಾಲ ಅನೇಕರು ನಂಬಿದ್ದರು. ಅಮೆರಿಕದ ವಿಜ್ಞಾನಿ ಡೊರೋಥಿಯಾ ಬೆಡಿಜಿಯನ್ ಇದನ್ನು ಕೂಲಂಕಷವಾಗಿ ಪರಿಶೀಲಿಸಿ, ತವರು ಭಾರತವೇ ಎಂದು ತೋರಿಸಿದರು. ನಮ್ಮ ಮಲಬಾರ್ ಕರಾವಳಿಯಲ್ಲಿ ಒಂದು ಕಾಡೆಳ್ಳಿದೆ. ಅದಕ್ಕೂ ಹೊಲದ ಎಳ್ಳಿನಂತೆಯೇ 26 ಕ್ರೋಮೋಸೋಮ್‌ಗಳು. ಎರಡನ್ನೂ ಕೂಡಿಸಿದರೆ ಹುಟ್ಟುವ ಗಿಡ ಚೆನ್ನಾಗಿ ಕಾಯಿ ಕಟ್ಟುತ್ತದೆ. ಹರಪ್ಪಾದ ಉತ್ಖನನದಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ, ಸುಟ್ಟು ಕರಿಕಾದ ಎಳ್ಳು ಸಿಕ್ಕಿತ್ತು. ನಮ್ಮ ಮಾತಿನಲ್ಲೂ ಸಾಕ್ಷಿಯಿದೆ. ಸಂಸ್ಕೃತದ 'ತೈಲ' ಬಂದದ್ದು 'ತಿಲ'ದಿಂದ. ನಮ್ಮ 'ಎಣ್ಣೆ'ಯೊಳಗೂ 'ಎಳ್' ಅಡಗಿ ಕೂತಿದೆ!

ಅಮೆರಿಕಕ್ಕೆ ಎಳ್ಳು ನಮ್ಮ ಸೂಟ್‌ಕೇಸಿನಲ್ಲಿ ಬಂದದ್ದಲ್ಲ. ಗುಲಾಮರಾಗಿ ಇಲ್ಲಿಗೆ ತರಲ್ಪಟ್ಟ ಆಫ್ರಿಕನ್ನರೊಡನೆ ಅದು ಬಂತು. ಸೌತ್ ಕೆರೊಲೈನಾದಲ್ಲಿ ಅದನ್ನು ಇಂದಿಗೂ 'ಬೆನ್ನೆ' ಎನ್ನುತ್ತಾರೆ. ಥಾಮಸ್ ಜೆಫರ್ಸನ್ 1808ರ ಸುಮಾರಿಗೆ ತಮ್ಮ ತೋಟದಲ್ಲಿ ಇದನ್ನು ಎಣ್ಣೆಗಾಗಿ ಬೆಳೆಸಿ ನೋಡಿದ್ದರು. ಆದರೂ ಈ ದೇಶದಲ್ಲಿ ಎಳ್ಳು ದೊಡ್ಡ ಬೆಳೆಯಾಗಲಿಲ್ಲ. ಏಕೆಂದು ನನಗೆ ಅಜ್ಜಿಯ ಕಣವೇ ಹೇಳಿಕೊಟ್ಟಿತ್ತು.

ನಮ್ಮೂರಿನಲ್ಲಿ ಮುಂಗಾರಿಗೆ ಮೊದಲೇ ಬೀಳುವ ಭರಣಿ ಮಳೆಗೆ ಎಳ್ಳು ಬಿತ್ತುತ್ತಿದ್ದರು. ಎಳ್ಳುಕಾಯಿ ಒಣಗಿದೊಡನೆ ತಾನಾಗಿ ಬಾಯಿ ಬಿಡುತ್ತದೆ. ಗಾಳಿ ಬೀಸಿದರೆ ಬೀಜವೆಲ್ಲ ಮಣ್ಣುಪಾಲು. ಆದ್ದರಿಂದ ಗಿಡ ಪೂರ್ತಿ ಒಣಗುವ ಮುಂಚೆಯೇ ಕೊಯ್ದು, ಕಟ್ಟು ಕಟ್ಟಿ, ಕಣದಲ್ಲಿ ನಿಲ್ಲಿಸಬೇಕು. ಒಣಗಿದ ಮೇಲೆ ತಲೆಕೆಳಗಾಗಿ ಹಿಡಿದು ಬಡಿಯಬೇಕು. ಮಳೆ ಹನಿದರೆ ಅಜ್ಜಿ ಊಟ ಬಿಟ್ಟು ಓಡುತ್ತಿದ್ದರು. ಇಷ್ಟು ಕೈಕೆಲಸವಿರುವ ಬೆಳೆ ಯಂತ್ರದ ಕೊಯ್ಲಿಗೆ ಹೇಗೆ ಒಗ್ಗೀತು? ಅಲಿಬಾಬನ ಕಥೆಯಲ್ಲಿ ನಾವು ಕೇಳಿದ 'ಸೇಸಮ್ಮ' ಮತ್ತಾರೂ ಅಲ್ಲ, ಈ ಎಳ್ಳೇ. ಅವಳ ಬಾಗಿಲು ಮುಚ್ಚಿಸುವುದೇ ತಳಿವಿಜ್ಞಾನಿಗಳ ಸಮಸ್ಯೆಯಾಯಿತು.

1943ರಲ್ಲಿ ವೆನಿಜುವೆಲಾದಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ತಳಿವಿಜ್ಞಾನಿ ಡೆರಾಲ್ಡ್ ಲ್ಯಾಂಗ್‌ಹ್ಯಾಮ್ ಅವರಿಗೆ, ಒಣಗಿದರೂ ಕಾಯಿ ಬಾಯಿ ಬಿಡದ ಗಿಡವೊಂದು ಕಂಡಿತು. ಒಂದೇ ಜೀನ್‌ನಲ್ಲಿ ಆದ ಬದಲಾವಣೆ ಅದು. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಗುಣ ಕಾಣಿಸಿಕೊಳ್ಳುತ್ತದೆ. ಸಮಸ್ಯೆ ಬಗೆಹರಿಯಿತೆಂದು ಎಲ್ಲರಿಗೂ ಸಂತೋಷವಾದೀತಲ್ಲವೇ? ಆದರೆ ಆ ಗಿಡದ ಎಲೆ ದೊನ್ನೆಯಂತೆ ಮಡಚಿಕೊಳ್ಳುತ್ತಿತ್ತು, ಕಾಂಡ ಸೊಟ್ಟ, ಇಳುವರಿ ಕಡಿಮೆ. ಕಾಯಿ ಎಷ್ಟು ಗಟ್ಟಿಯೆಂದರೆ ಬಡಿದು ಬೀಜ ತೆಗೆಯುವುದೇ ಕಷ್ಟ! ವೈದ್ಯರಿಗೆ ಇದು ಹೊಸದಲ್ಲ. ಮಾರ್ಫಾನ್ ಸಿಂಡ್ರೋಮ್‌ನಲ್ಲಿ ಒಂದೇ ಜೀನ್ ಕೆಟ್ಟರೂ ಕಣ್ಣು, ಮೂಳೆ, ಹೃದಯದ ಮಹಾಧಮನಿ ಮೂರಕ್ಕೂ ತೊಂದರೆ ತಟ್ಟುತ್ತದೆ.

ಒಂದು ಜೀನ್‌ನಿಂದ ಆಗದ್ದನ್ನು ಹಲವು ತಳಿಗಳು ಸೇರಿ ಮಾಡಿದವು. ಲ್ಯಾಂಗ್‌ಹ್ಯಾಮ್ ಅವರ ಮಗ ರೇ ಲ್ಯಾಂಗ್‌ಹ್ಯಾಮ್ ನಾನಾ ದೇಶಗಳ ಎಳ್ಳು ತರಿಸಿ ದಶಕಗಳ ಕಾಲ ಕೂಡಿಸಿ ನೋಡಿದರು. ಕೊನೆಗೆ ಸಿಕ್ಕ ತಳಿಗಳಲ್ಲಿ ಕಾಯಿಯ ತುದಿ ಸ್ವಲ್ಪವೇ ತೆರೆಯುತ್ತದೆ. ಒಳಗೆ ಬೀಜ ಕಚ್ಚಿಕೊಂಡಿರುತ್ತದೆ, ಯಂತ್ರ ಬಂದಾಗ ಮಾತ್ರ ಬಿಡುತ್ತದೆ. ಇಂದು ಟೆಕ್ಸಾಸ್‌ನಲ್ಲಿ ಕಂಬೈನ್ ಯಂತ್ರದಿಂದ ಎಳ್ಳು ಕೊಯ್ಯುವುದು ಹೀಗೆ. ಆ ಹುಡುಗನಿಗೆ ನಾನು ಹೇಳಬೇಕಾಗಿದ್ದ ಉತ್ತರ ಇದು: ಈ ಎಳ್ಳು ಬರುವುದು ಹೆಸರಿಲ್ಲದ ಸಾವಿರಾರು ರೈತರು ತಮ್ಮ ತಮ್ಮ ಊರಿನಲ್ಲಿ ಕಾಪಾಡಿಕೊಂಡ ಬೀಜದಿಂದ.

2014ರಲ್ಲಿ ಚೀನಾದ ವಿಜ್ಞಾನಿಗಳು ಎಳ್ಳಿನ ಜೀನೋಮ್ ಓದಿ ಪ್ರಕಟಿಸಿದರು. ಈಗ ಬೇಕಾದ ಜೀನ್ ಎಲ್ಲಿದೆಯೆಂದು ಹುಡುಕುವುದು ಸುಲಭವಾಗಿದೆ. ಆದರೆ ಬೀಜವೇ ಉಳಿಯದಿದ್ದರೆ ಹುಡುಕುವುದೆಲ್ಲಿ? ಎಳ್ಳಿನ ಹೂವೆಲ್ಲ ಎಲೆಯಾಗಿಬಿಡುವ ಒಂದು ರೋಗವಿದೆ. ಜಿಗಿಹುಳು ಅದನ್ನು ಹರಡುತ್ತದೆ. ಅದನ್ನು ತಡೆಯುವ ಶಕ್ತಿಯನ್ನು ವಿಜ್ಞಾನಿಗಳು ಹುಡುಕುತ್ತಿರುವುದೂ ಕಾಡೆಳ್ಳುಗಳಲ್ಲೇ.

ಅಜ್ಜಿ ಕರಿ ಎಳ್ಳಿನ ಬೀಜವನ್ನು ಬೂದಿ ಬೆರೆಸಿ ಮಡಕೆಯಲ್ಲಿ ಇಡುತ್ತಿದ್ದರು. ಕೆಲವು ವರ್ಷಗಳ ಹಿಂದೆ ಊರಿಗೆ ಹೋದಾಗ ಅದನ್ನು ಕೇಳಿದೆ. "ಆ ಹೊಲಕ್ಕೆ ಶುಂಠಿ ಹಾಕಿ ಯಾವ ಕಾಲವಾಯ್ತಪ್ಪ!" ಎಂದರು ಚಿಕ್ಕಪ್ಪ. ಮಡಕೆಯೂ ಇರಲಿಲ್ಲ. ಅವರನ್ನು ದೂರುವ ಹಕ್ಕು ನನಗಿಲ್ಲ. ಮೊದಲು ಊರು ಬಿಟ್ಟವನು ನಾನೇ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಳೆಯ ಎಳ್ಳಿನ ಬೀಜ ಇನ್ನೂ ಇದ್ದರೆ, ಅದಕ್ಕೆ ಎಳ್ಳುನೀರು ಬಿಡುವ ಮುನ್ನ ಹೊಲದ ಒಂದು ಮೂಲೆಯಲ್ಲಿ ಬಿತ್ತಿಸಿ. ಒಂದು ಹಿಡಿಯನ್ನು ಹತ್ತಿರದ ಕೃಷಿ ವಿಶ್ವವಿದ್ಯಾಲಯಕ್ಕೆ ತೋರಿಸಿ. ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ ಸಾವಿರಾರು ಬಗೆಯ ಎಳ್ಳು ಮೈನಸ್ 18 ಡಿಗ್ರಿ ಚಳಿಯಲ್ಲಿ ಮಲಗಿವೆ. ನಿಮ್ಮೂರಿನದಕ್ಕೂ ಅಲ್ಲಿ ಜಾಗ ಸಿಕ್ಕೀತು. ನನ್ನ ಅಜ್ಜಿಯದು ಅಲ್ಲಿದೆಯೋ ಇಲ್ಲವೋ, ಅದಕ್ಕೆ ಹೆಸರೇ ಇರಲಿಲ್ಲವಾದ್ದರಿಂದ ಕೇಳುವ ಬಗೆಯೂ ನನಗೆ ತಿಳಿಯದು.