ಲಿನಕ್ಸ್‌ಗೆ ದನಿ ಬಂದ ಬಗೆ

ಕಂಪ್ಯೂಟರಿನಲ್ಲಿ ಹಾಡು ಕೇಳುವ ನಮಗೆ ‘ಡ್ರೈವರ್’ ಎಂಬ ತಂತ್ರಾಂಶದ ನೆನಪೇ ಬರುವುದಿಲ್ಲ. ಸೌಂಡ್ ಕಾರ್ಡಿಗೂ ಕಾರ್ಯಾಚರಣ ವ್ಯವಸ್ಥೆಗೂ ನಡುವೆ ನಿಂತ ದುಭಾಷಿ ಅದು. ಸಿ.ಡಿ. ಸಂಗೀತವಾದರೆ ಪ್ರತಿ ಚಾನೆಲ್ಲಿಗೆ ಸೆಕೆಂಡಿಗೆ 44,100 ಅಂಕಿಗಳನ್ನು ಕಾರ್ಡಿಗೆ ತಲುಪಿಸಬೇಕು. ತಡವಾದರೆ ದನಿ ತುಂಡಾಗುತ್ತದೆ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಆರಂಭಿಸಿದಾಗ ಅದು ಮೂಕವಾಗಿತ್ತು. ಅದೇ ದೇಶದ ಹನ್ನು ಸವೊಲೈನೆನ್ ಬರೆದ ಡ್ರೈವರ್ ಅದಕ್ಕೆ ದನಿ ಕೊಟ್ಟಿತು. ಮುಂದೆ ಅದು ಓ.ಎಸ್.ಎಸ್. ಎನಿಸಿತು, ಅದರ ಸುಧಾರಿತ ರೂಪ ಮಾರಾಟದ ಸರಕಾಯಿತು.

ಜೆಕ್ ದೇಶದ ಯಾರೊಸ್ಲಾವ್ ಕಿಸೆಲಾ ‘ಗ್ರಾವಿಸ್ ಅಲ್ಟ್ರಾಸೌಂಡ್’ ಎಂಬ ಒಂದೇ ಕಾರ್ಡಿಗಾಗಿ ಡ್ರೈವರ್ ಬರೆಯತೊಡಗಿದರು. ಆ ಕೆಲಸವೇ 1998ರ ಹೊತ್ತಿಗೆ ‘ಆಲ್ಸಾ’ ಯೋಜನೆಯಾಗಿ ಬೆಳೆಯಿತು. 2002ರಲ್ಲಿ ಲಿನಕ್ಸಿನ ತಿರುಳಾದ ಕರ್ನೆಲ್ಲಿನ ಪ್ರಾಯೋಗಿಕ ಆವೃತ್ತಿಯನ್ನು ಸೇರಿತು. 2003ರ ಡಿಸೆಂಬರಿನಲ್ಲಿ ಹೊರಬಂದ 2.6ನೇ ಆವೃತ್ತಿಯಲ್ಲಿ ಓ.ಎಸ್.ಎಸ್.ನ ಸ್ಥಾನಕ್ಕೆ ಬಂತು.

ಆದರೆ ಹೊಸಬರು ಎಲ್ಲಿಂದ ಆರಂಭಿಸಬೇಕು? ಇದಕ್ಕಾಗಿಯೇ ತಕಾಶಿ ಇವಾಯಿ ಒಂದು ಕೈಪಿಡಿ ಬರೆದರು. ಇಂದು ಅದು ಕರ್ನೆಲ್ಲಿನ ದಾಖಲೆಗಳಲ್ಲೇ ಇದೆ. ಕಾರ್ಡನ್ನು ಗುರುತಿಸುವುದು, ಅದಕ್ಕೆ ಬೇಕಾದ ಸ್ಮೃತಿ ಮತ್ತು ಇಂಟರಪ್ಟ್ ಪಡೆಯುವುದು, ದನಿ ಹರಿಯುವ ದಾರಿ ರಚಿಸುವುದು, ಕೊನೆಗೆ ಕಾರ್ಡನ್ನು ನೋಂದಾಯಿಸುವುದು – ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅದು ಕಲಿಸುತ್ತದೆ.

ವಿದ್ಯಾರ್ಥಿ ಮಿತ್ರರೇ, ಇದು ದೊಡ್ಡ ಕಂಪನಿಗಳ ಕೆಲಸವೆಂದು ಹಿಂಜರಿಯಬೇಡಿ. ‘ಸಿ’ ಭಾಷೆ ಕಲಿತು, ಕರ್ನೆಲ್ಲಿನಲ್ಲಿರುವ ‘ಡಮ್ಮಿ’ ಡ್ರೈವರನ್ನು ಓದಿ. ಅದಕ್ಕೆ ನಿಜವಾದ ಕಾರ್ಡೂ ಬೇಕಿಲ್ಲ. ಕಿಸೆಲಾ ಆರಂಭಿಸಿದ್ದೂ ಒಂದೇ ಕಾರ್ಡಿನಿಂದ. ಬರೆದವರು ಬಚ್ಚಿಡದೆ ಬಿಟ್ಟುಹೋದ ವಿದ್ಯೆಯಿದು, ಓದುವವರಿಗಾಗಿ ಕಾದಿದೆ.